ಅರ್ಧ ಕಿಲೋ ಯೀಸ್ಟ್, ಮೂರು ಜಾಗ

ವಾರಕ್ಕೊಂದು ಬ್ರೆಡ್ ಮಾಡುವ ಮನೆಗೆ ಅರ್ಧ ಕಿಲೋ ಯೀಸ್ಟ್ ಜಾಸ್ತಿಯೇ. ಒಂದು ಸಲಕ್ಕೆ ಒಂದು ಟೀ ಚಮಚ, ಅಂದರೆ ಸುಮಾರು 3 ಗ್ರಾಂ ಸಾಕು. ಲೆಕ್ಕ ಹಾಕಿದರೆ ಮೂರು ವರ್ಷಕ್ಕಾಗುತ್ತದೆ! ಆದರೆ ಸಣ್ಣ ಪೊಟ್ಟಣ ದುಬಾರಿ, ಅಲ್ವಾ? ಹಾಗಾಗಿ ಜೂನ್ ಮೊದಲ ವಾರ ಇಟ್ಟಿಗೆಯಂಥ ಆ ದೊಡ್ಡ ಪ್ಯಾಕೆಟ್ಟನ್ನೇ ತಂದೆ. ಕತ್ತರಿ ತಾಗಿದ್ದೇ ತಡ, ಸುಸ್ ಅಂತ ಗಾಳಿ ಒಳಗೆ ಹೋಗಿ ಮೆತ್ತಗಾಯಿತು. ಇನ್‌ಸ್ಟಂಟ್ ಯೀಸ್ಟ್, ಸಣ್ಣ ರವೆಯ ಹಾಗೆ ಉದುರುದುರು.

ನಮ್ಮದು ಮಂಗಳೂರು. ಮಳೆಗಾಲದಲ್ಲಿ ಉಪ್ಪೇ ನೀರೊಡೆಯುವ ಊರು. ಮೂರು ಪಾಲು ಮಾಡಿದೆ. ಒಂದು ಪ್ಯಾಕೆಟ್ಟಿನಲ್ಲೇ, ರಬ್ಬರ್ ಬ್ಯಾಂಡ್ ಹಾಕಿ ಅಡುಗೆಮನೆಯ ಶೆಲ್ಫಿನಲ್ಲಿ. ಒಂದು ಸ್ಟೀಲ್ ಡಬ್ಬಿಯಲ್ಲಿ, ಫ್ರಿಜ್ಜಿನ ಬಾಗಿಲಿನಲ್ಲಿ. ಇನ್ನೊಂದು ಗಾಜಿನ ಬಾಟಲಿಯಲ್ಲಿ, ಫ್ರೀಜರ್‌ನಲ್ಲಿ. ತಿಂಗಳಿಗೊಮ್ಮೆ ಪರೀಕ್ಷೆ: ಅರ್ಧ ಕಪ್ ಉಗುರುಬೆಚ್ಚಗಿನ ನೀರು, ಒಂದು ಚಮಚ ಸಕ್ಕರೆ, ಒಂದು ಚಮಚ ಯೀಸ್ಟ್, 10 ನಿಮಿಷ.

ಶೆಲ್ಫಿನದು ಆಟಿ ತಿಂಗಳು, ಅಂದರೆ ಆಗಸ್ಟ್ ನಡುಭಾಗ, ದಾಟಲಿಲ್ಲ. ಕಾಳುಗಳು ಅಂಟಿಕೊಂಡು ಗಂಟಾಗಿದ್ದವು. ಲೋಟದಲ್ಲಿ ನೊರೆ ಬದಲು ಅಂಚಿಗೊಂದು ತೆಳು ಬಳೆ, ಅಷ್ಟೇ. ಆದರೂ ಹಠಕ್ಕೆ ಬಿದ್ದು ಅದರಲ್ಲೇ ಹಿಟ್ಟು ಕಲಸಿದೆ. ಮೂರು ತಾಸಾದರೂ ಉಬ್ಬಲಿಲ್ಲ, ಮೇಲಿಂದ ಕೈಗೆ ಅಂಟು ಬೇರೆ. ನೀರು ಜಾಸ್ತಿಯಾಯಿತೇನೋ ಅಂತ ಮೈದಾ ಉದುರಿಸುತ್ತಾ ಹೋದೆ. ತಪ್ಪು ನೀರಿನದಲ್ಲ. ಒಣ ಯೀಸ್ಟಿನಲ್ಲಿರುವ ತೇವ ಸುಮಾರು 5 ಶೇಕಡಾ ಮಾತ್ರ, ಅದಕ್ಕೇ ಅದು ನಿದ್ದೆಯಲ್ಲಿರುತ್ತದೆ. ಗಾಳಿಯ ತೇವ ಕುಡಿದರೆ ಸಾಯತೊಡಗುತ್ತದೆ. ಸತ್ತ ಯೀಸ್ಟಿನಿಂದ ಗ್ಲುಟಾಥಯೋನ್ ಎನ್ನುವ ವಸ್ತು ಸೋರಿ ಹಿಟ್ಟಿನ ಬಿಗಿಯನ್ನೇ ಸಡಿಲ ಮಾಡುತ್ತದೆ. ಬ್ರೆಡ್ಡು ಕಲ್ಲಾಯಿತು, ಕಾಗೆಗೂ ಬೇಡವಾಯಿತು.

ಫ್ರಿಜ್ಜಿನದು ಅಕ್ಟೋಬರ್‌ವರೆಗೆ ಚೆನ್ನಾಗಿತ್ತು, ಆಮೇಲೆ ನೊರೆ ಅರ್ಧಕ್ಕಿಳಿಯಿತು. ನನ್ನ ಅನುಮಾನ ಡಬ್ಬಿಯ ಮೇಲೆಯೇ. ಸ್ಟೀಲ್ ಮುಚ್ಚಳ ಎಷ್ಟು ಒತ್ತಿದರೂ ಬಿಗಿಯಲ್ಲ. ಜತೆಗೆ ನೀರಿನ ಬಾಟಲಿಗೆಂದು ಮಕ್ಕಳು ದಿನವಿಡೀ ಬಾಗಿಲು ತೆಗೆಯುತ್ತಾರೆ.

ಫ್ರೀಜರ್‌ನದು ಜನವರಿಯಲ್ಲೂ ಮೊದಲ ದಿನದ ಹಾಗೆಯೇ ಲೋಟದ ಕಂಠಕ್ಕೆ ಬಂತು. ಒಣಗಿದ ಕಾಳಿನಲ್ಲಿ ಮಂಜುಗಡ್ಡೆಯಾಗಲು ನೀರೇ ಇಲ್ಲವಲ್ಲ! ಕರಗಿಸುವ ರಗಳೆಯೂ ಇಲ್ಲ, ನೇರ ಮೈದಾಕ್ಕೆ ಹಾಕಬಹುದು. ಆದರೆ ಒಂದು ಸಲ ಬಾಟಲಿ ತೆರೆದಿಟ್ಟು ಫೋನಿನಲ್ಲಿ ಮಾತಿಗೆ ನಿಂತೆ. ಬಂದು ನೋಡಿದರೆ ಗಾಜು ಬೆವೆತಿತ್ತು, ಒಳಗಿನ ಗೋಡೆಗೆ ಕಾಳು ಮೆತ್ತಿಕೊಂಡಿತ್ತು.

ನಡುವೆ ಬೇಕರಿಯಿಂದ ಹಸಿ ಯೀಸ್ಟ್ ತುಂಡೊಂದನ್ನೂ ತಂದಿದ್ದೆ. ಪರಿಮಳ ಚಂದ. ಆದರೆ ಮುಕ್ಕಾಲು ಪಾಲು ನೀರೇ, ಫ್ರಿಜ್ಜಿನಲ್ಲಿ ಎರಡು ವಾರಕ್ಕಿಂತ ನಂಬುವ ಹಾಗಿಲ್ಲ. ಉಳಿದದ್ದನ್ನು ಫ್ರೀಜರ್‌ಗೆ ಹಾಕಿದೆ. ಕರಗಿದಾಗ ಕಂದು ಲೋಳೆ. ದಿನಾ ಬ್ರೆಡ್ ಮಾಡುವವರಿಗೆ ಸರಿ, ನನಗಲ್ಲ.

ಈಗ ದೊಡ್ಡ ಬಾಟಲಿ ಫ್ರೀಜರ್‌ನಲ್ಲಿ ತೆಂಗಿನ ತುರಿಯ ಪಕ್ಕ ಇದೆ. ಎರಡು ತಿಂಗಳಿಗಾಗುವಷ್ಟು, ಎಂಟು ಚಮಚ, ಸ್ಕ್ರೂ ಮುಚ್ಚಳದ ಸಣ್ಣ ಬಾಟಲಿಯಲ್ಲಿ ಫ್ರಿಜ್ಜಿನ ಹಿಂದಿನ ಮೂಲೆಯಲ್ಲಿ. ಸ್ಟೀಲ್ ಡಬ್ಬಿ ಸಾಸಿವೆಗೆ ಹೋಯಿತು.