ಜಿಪ್ಸಿಯ ಹೊಟ್ಟೆಗೆ ಕಟ್ಟಿದ ಮೂರು ಸ್ಕಿಡ್ ಪ್ಲೇಟುಗಳು

ಸಕಲೇಶಪುರದ ಕಡೆಯ ನಮ್ಮ ಕಾಫಿ ತೋಟದಲ್ಲಿ ಓಡಾಡುವ ಹಳೆಯ ಜಿಪ್ಸಿಗೆ ಕಳೆದ ಮೂರು ವರ್ಷಗಳಲ್ಲಿ ಮೂರು ಬಗೆಯ ಸ್ಕಿಡ್ ಪ್ಲೇಟುಗಳನ್ನು, ಅಂದರೆ ಗಾಡಿಯ ಹೊಟ್ಟೆಯನ್ನು ಕಲ್ಲುಗಳಿಂದ ಕಾಯುವ ಅಡಿತಗಡುಗಳನ್ನು, ಮಾಡಿಸಿ ಕಟ್ಟಿದ್ದೇನೆ. ಮೊದಲನೆಯದು 6 ಮಿ.ಮೀ. ಅಲ್ಯೂಮಿನಿಯಂ, ಎರಡನೆಯದು 12 ಮಿ.ಮೀ. ದಪ್ಪದ ಬಿಳಿ ಪ್ಲಾಸ್ಟಿಕ್ ಹಾಳೆ, ಮೂರನೆಯದು 4 ಮಿ.ಮೀ. ಎಂ.ಎಸ್. ಪ್ಲೇಟು, ಅಂದರೆ ಯಾವ ಊರಿನ ವೆಲ್ಡಿಂಗ್ ಅಂಗಡಿಯ ಮೂಲೆಯಲ್ಲಾದರೂ ಗೋಡೆಗೆ ಒರಗಿಸಿಟ್ಟಿರುವ ಮಾಮೂಲಿ ಕಬ್ಬಿಣ. ಈಗ ಗಾಡಿಯಲ್ಲಿರುವುದು ಈ ಮೂರನೆಯದು, ಅದನ್ನು ಬದಲಿಸುವ ಯೋಚನೆಯೂ ನನಗಿಲ್ಲ. ಇದನ್ನೇ ಮೊದಲು ಮಾಡಿಸಿದ್ದರೆ ಹದಿನಾಲ್ಕು ಸಾವಿರ ರೂಪಾಯಿಗಿಂತ ಹೆಚ್ಚು ಉಳಿಯುತ್ತಿತ್ತು ಎಂಬ ಹೊಟ್ಟೆಯುರಿಯಿಂದಲೇ ಇದನ್ನು ಬರೆಯುತ್ತಿದ್ದೇನೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಜಿಪ್ಸಿಯಲ್ಲಿ ನನಗೆ ಹೆಚ್ಚು ಭಯವಿದ್ದದ್ದು ಎಂಜಿನ್ನಿನ ಆಯಿಲ್ ಸಂಪಿನ ಬಗ್ಗೆ ಅಲ್ಲ. ಗೇರ್‌ಬಾಕ್ಸಿಗೆ ಅಂಟಿಕೊಂಡಿರದೆ, ಒಂದು ಗಿಡ್ಡ ಶಾಫ್ಟಿನ ಆಚೆಗೆ, ಗಾಡಿಯ ನಡುಹೊಟ್ಟೆಯಲ್ಲಿ ರಬ್ಬರ್ ಬುಷ್‌ಗಳ ಮೇಲೆ ಪ್ರತ್ಯೇಕವಾಗಿ ಕೂತು, ಎಂಜಿನ್ನಿನ ಬಲವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಬಗ್ಗೆ. ನಮ್ಮ ತೋಟದ ದಾರಿಯಲ್ಲಿ ಮಳೆನೀರು ಚಕ್ರದ ಜಾಡುಗಳನ್ನು ಕೊರೆದು, ನಡುವಿನ ದಿಬ್ಬದಲ್ಲಿದ್ದ ಕಲ್ಲುಗಳನ್ನು ಬರಿದು ಮಾಡಿ ನಿಲ್ಲಿಸಿರುತ್ತದೆ. ಆ ಕಲ್ಲುಗಳ ನೇರಕ್ಕೆ ಬರುವುದು ಇದೇ ಕೇಸು. ಎರಕದ ಆ ಕವಚ ಒಮ್ಮೆ ಒಡೆದರೆ ಗಾಡಿ ಟ್ರ್ಯಾಕ್ಟರಿನ ಹಿಂದೆ ಊರು ಸೇರಬೇಕಾಗುತ್ತದೆ. ರಬ್ಬರಿನ ಮೇಲೆ ಕೂತಿರುವುದರಿಂದ ಅದು ಎಳೆತ ಬಿದ್ದಾಗ ಅಲುಗುತ್ತದೆ, ಹಾಗಾಗಿ ಯಾವ ವಸ್ತುವಿನ ಪ್ಲೇಟಾದರೂ ಕೇಸಿಗೂ ಅದಕ್ಕೂ ನಡುವೆ 20 ಮಿ.ಮೀ. ಬಿಟ್ಟಿರಲೇಬೇಕು.

ಅಳತೆಯ ವಿಷಯ ಮೂರಕ್ಕೂ ಒಂದೇ. ಫ್ರಿಜ್ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ, ಗಾಡಿಯ ಕೆಳಗೆ ಮಲಗಿ, ಎರಡಡಿ ಅಗಲ, ಎರಡೂವರೆ ಅಡಿ ಉದ್ದದ ನಮೂನೆಯನ್ನು ಕತ್ತರಿಸಿಕೊಂಡೆ. ಮುಂದಿನ ಅಂಚು ಮೇಲಕ್ಕೆ ಬಾಗಿ, ಕಲ್ಲು ತಗುಲಿದಾಗ ಗಾಡಿ ಅದರ ಮೇಲೆ ಹತ್ತಿ ಜಾರುವಂತಿರಬೇಕು. ಚಾಸಿಗೆ ವೆಲ್ಡಿಂಗ್ ಮಾಡಿಸಲಿಲ್ಲ, ಬ್ರ್ಯಾಕೆಟ್ಟುಗಳನ್ನು ಬೋಲ್ಟಿನಿಂದ ಕೂರಿಸಿದ್ದೇನೆ. ಈ ಅಳತೆಗೆ ಕಬ್ಬಿಣದ ಪ್ಲೇಟು ಸುಮಾರು 14.5 ಕೆ.ಜಿ., ಅಲ್ಯೂಮಿನಿಯಂ 7.5 ಕೆ.ಜಿ., ಪ್ಲಾಸ್ಟಿಕ್ 5 ಕೆ.ಜಿ.ಗಿಂತ ತುಸು ಹೆಚ್ಚು ತೂಗುತ್ತದೆ.

ಅಲ್ಯೂಮಿನಿಯಮ್ಮನ್ನು ಪೀಣ್ಯದಲ್ಲಿ ಕತ್ತರಿಸಿ ಬಗ್ಗಿಸಿಕೊಂಡು ಬಂದೆ. ಅಲ್ಲಿ ತಪ್ಪು ನನ್ನದೇ. ಗಟ್ಟಿಯಾದದ್ದು ಬೇಕೆಂದು ಹಟ ಮಾಡಿ 6061 ಟಿ6 ದರ್ಜೆಯದನ್ನು ಕೇಳಿ ಪಡೆದೆ. ಅದು ಗಟ್ಟಿಯೇನೋ ಹೌದು, ಆದರೆ ಬಿಗಿಯಾದ ಕೋನಕ್ಕೆ ಬಗ್ಗಿಸಿದರೆ ಹೊರಮೈ ಬಿರಿಯುತ್ತದೆ. ಬಗ್ಗಿಸುವ ಕೆಲಸಕ್ಕೆ ಒಗ್ಗುವುದು 5052 ದರ್ಜೆಯದು. ಮಡಿಕೆಯ ಉದ್ದಕ್ಕೂ ಕೂದಲೆಳೆಯಂಥ ಗೀರುಗಳನ್ನು ನಾನು ಮೊದಲ ದಿನವೇ ಕಂಡಿದ್ದರೂ ಪಾಲಿಶಿನ ಗುರುತೆಂದು ಸುಮ್ಮನಾಗಿದ್ದೆ. ಆಗಸ್ಟಿನಲ್ಲಿ, ಹಳ್ಳದ ಆಚೆ ಏರುವಾಗ ಒಂದು ಕಲ್ಲು ಮುಂದಂಚಿಗೆ ಸಿಕ್ಕಿ, ಗೀರಿದ್ದಲ್ಲಿ ಬೆರಳು ತೂರುವಷ್ಟು ಬಾಯಿ ಬಿಟ್ಟಿತು. ಬಿಚ್ಚಿ ಊರಿನ ವೆಲ್ಡಿಂಗ್ ಅಂಗಡಿಗೆ ಒಯ್ದರೆ, ಆತ ಅದನ್ನು ಒಂದೇ ಕೈಯಲ್ಲಿ ಎತ್ತಿ, "ಇದು ನನ್ನ ರಾಡಿಗೆ ಹಿಡಿಯಲ್ಲ ಸಾರ್, ಹಾಸನಕ್ಕೇ ಹೋಗ್ಬೇಕು" ಎಂದು ತಿರುಗಿ ಕೊಟ್ಟ. ಆರ್ಗಾನ್ ವೆಲ್ಡಿಂಗಿಗಾಗಿ ಒಂದು ದಿನ, ಅದರ ಕೂಲಿ, ಓಡಾಟದ ಪೆಟ್ರೋಲು. ಬೆಸುಗೆ ಹಾಕಿದ ಜಾಗ ಮೊದಲಿನಷ್ಟು ಗಟ್ಟಿ ಉಳಿಯುವುದಿಲ್ಲ ಎಂಬುದು ಬೇರೆ.

ಬಿರುಕನ್ನಾದರೂ ಕ್ಷಮಿಸುತ್ತಿದ್ದೆನೇನೋ, ನನ್ನನ್ನು ನಿಜಕ್ಕೂ ಹಣ್ಣು ಮಾಡಿದ್ದು ಬೋಲ್ಟುಗಳು. ಮಳೆಗಾಲದಲ್ಲಿ ದಿನಕ್ಕೆರಡು ಸಲ ಹಳ್ಳ ದಾಟುವ ಗಾಡಿಯಾದ್ದರಿಂದ ಚಕ್ರಗಳಿಗೆ ಬಲ ಒಯ್ಯುವ ಶಾಫ್ಟಿನ ತುದಿಯ ಕೀಲುಗಳಾದ ಕ್ರಾಸ್‌ಗಳಿಗೆ ತಿಂಗಳಿಗೊಮ್ಮೆ ಗ್ರೀಸ್ ಹೊಡೆಯುವುದು ನನ್ನ ರೂಢಿ, ಮತ್ತು ಗ್ರೀಸ್ ಗನ್ನಿನ ಬಾಯಿ ಅಲ್ಲಿನ ನಿಪ್ಪಲಿಗೆ ಮುಟ್ಟಬೇಕಾದರೆ ಪ್ಲೇಟು ಬಿಚ್ಚಲೇಬೇಕು. ವರ್ಷಕ್ಕೊಮ್ಮೆ ಬಿಚ್ಚುವವರಿಗೆ ಈ ಸಮಸ್ಯೆ ಸಮಸ್ಯೆಯೇ ಅಲ್ಲ. ನಾನು ಅಂದಕ್ಕೆ ಮರುಳಾಗಿ, ಕಲ್ಲಿಗೆ ತಲೆ ಸಿಗಬಾರದೆಂದು, ಸ್ಟೇನ್‌ಲೆಸ್ ಸ್ಟೀಲಿನ ಚಪ್ಪಟೆ ತಲೆಯ 8 ಮಿ.ಮೀ. ಅಲೆನ್ ಬೋಲ್ಟುಗಳನ್ನು ಹಾಕಿಸಿದ್ದೆ. ಆ ಬೋಲ್ಟಿನ ತಲೆಯಲ್ಲಿರುವ ಆರು ಮೂಲೆಯ ಸಣ್ಣ ಕುಳಿಗೆ ಕೆಂಪು ಮಣ್ಣು ತುಂಬಿ, ಮೇಲಿನ ಸೈಲೆನ್ಸರಿನ ಕಾವಿಗೆ ಒಣಗಿ ಇಟ್ಟಿಗೆಯಾಗುತ್ತದೆ. ಅಂಗಾತ ಮಲಗಿ, ಕಣ್ಣಿಗೆ ಪುಡಿ ಉದುರಿಸಿಕೊಳ್ಳುತ್ತ, ಎಂಟು ಬೋಲ್ಟುಗಳ ಎಂಟು ಕುಳಿಗಳನ್ನು ಮೊಳೆಯಿಂದ ಕೆದಕುವಷ್ಟರಲ್ಲೇ ಅರ್ಧ ಗಂಟೆ ಕಳೆಯುತ್ತಿತ್ತು.

ಚೂರು ಮಣ್ಣು ತಳದಲ್ಲಿ ಉಳಿದರೂ ಅಲೆನ್ ಕೀ ಪೂರ್ತಿ ಇಳಿಯುವುದಿಲ್ಲ, ಪೂರ್ತಿ ಇಳಿಯದೆ ಬಲ ಹಾಕಿದರೆ ಮೂಲೆಗಳು ಸವೆದು ಕುಳಿ ದುಂಡಗಾಗುತ್ತದೆ. ಅದರ ಮೇಲೆ, ಸ್ಟೇನ್‌ಲೆಸ್ ಬೋಲ್ಟು ಸ್ಟೇನ್‌ಲೆಸ್ ನಟ್ಟಿಗೆ ಗ್ರೀಸ್ ಸವರದೆ ಒಣದಾಗಿಯೇ ಬಿಗಿದರೆ ತಿರುಪಿನ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡುಬಿಡುತ್ತವೆ. ತುಕ್ಕು ಹಿಡಿಯದ ಬೋಲ್ಟು ಸಿಕ್ಕಿಕೊಳ್ಳಲಾರದೆಂಬ ನನ್ನ ನಂಬಿಕೆ ಅಲ್ಲಿಗೆ ಮುಗಿಯಿತು. ಅಕ್ಟೋಬರ್ ಹೊತ್ತಿಗೆ ಎಂಟರಲ್ಲಿ ಮೂರನ್ನು ಗ್ರೈಂಡರಿನಲ್ಲಿ ಕೊಯ್ದು ತೆಗೆದಿದ್ದೆ.

ಕಬ್ಬಿಣದ ಪ್ಲೇಟಿಗೆ ಬಂದಾಗ ಈ ತೊಡಕಿಗೆ ಪರಿಹಾರ ಹೇಳಿದವನು ಅದೇ ವೆಲ್ಡಿಂಗ್ ಅಂಗಡಿಯವನು. ಒಂದಿಂಚಿನ ಎಂ.ಎಸ್. ಪೈಪನ್ನು 8 ಮಿ.ಮೀ. ಎತ್ತರದ ಬಳೆಗಳಾಗಿ ಕೊಯ್ದು, ಪ್ರತಿಯೊಂದು ತೂತಿನ ಸುತ್ತ ಪ್ಲೇಟಿನ ಕೆಳಮುಖಕ್ಕೆ ಬೆಸೆದ. ಬೋಲ್ಟು ಸಾಧಾರಣ 10 ಮಿ.ಮೀ. ಷಟ್ಕೋನ ತಲೆಯದ್ದು, ಅದರ ತಲೆ ಆರೂವರೆ ಮಿ.ಮೀ. ಎತ್ತರ ಇರುವುದರಿಂದ ಬಳೆಯೊಳಗೆ ಅಡಗಿ ಕೂರುತ್ತದೆ, ಕಲ್ಲು ಬಳೆಯನ್ನು ಉಜ್ಜಿಕೊಂಡು ಹೋಗುತ್ತದೆಯೇ ಹೊರತು ತಲೆಯನ್ನು ಮುಟ್ಟುವುದಿಲ್ಲ. ಬಳೆಯ ಒಳವ್ಯಾಸ ಸುಮಾರು 27 ಮಿ.ಮೀ. ಇರುವುದರಿಂದ 17ರ ಬಾಕ್ಸ್ ಸ್ಪ್ಯಾನರ್ ಆರಾಮಾಗಿ ಒಳಗಿಳಿಯುತ್ತದೆ. ಮಣ್ಣು ಇಲ್ಲಿಯೂ ತುಂಬುತ್ತದೆ, ಆದರೆ ಸ್ಕ್ರೂಡ್ರೈವರಿನಿಂದ ಒಂದು ಸುತ್ತು ತಿರುವಿದರೆ ಬಿಲ್ಲೆಯಂತೆ ಇಡಿಯಾಗಿ ಕಳಚಿ ಬೀಳುತ್ತದೆ. ಎಂಟು ಬೋಲ್ಟು ಬಿಚ್ಚಲು ಈಗ ಹತ್ತು ನಿಮಿಷ ಸಾಕು. ಬಳೆಗಳ ಮುಂದಿನ ಅಂಚನ್ನು ಗ್ರೈಂಡರಿನಲ್ಲಿ ಇಳಿಜಾರು ಮಾಡಿಸಿಕೊಳ್ಳಬೇಕು, ಇಲ್ಲವಾದರೆ ಅವೇ ಕಲ್ಲಿಗೆ ಕೊಕ್ಕೆಯಾಗುತ್ತವೆ. ಜಿ.ಐ. ಪೈಪು ಬೇಡ, ಸತುವಿನ ಲೇಪ ಸುಟ್ಟಾಗ ಏಳುವ ಹೊಗೆ ವೆಲ್ಡ್ ಮಾಡುವವನಿಗೆ ಜ್ವರ ತರುತ್ತದೆ.

ಪ್ಲಾಸ್ಟಿಕ್ಕಿನದು ಚಿಕ್ಕ ಕಥೆ. ಯು.ಎಚ್.ಎಂ.ಡಬ್ಲ್ಯೂ. ಎಂದು ಕರೆಯುವ ಈ ಪಾಲಿಎಥಿಲೀನ್ ಹಾಳೆ ಕಲ್ಲಿನ ಮೇಲೆ ಜಾರುವಷ್ಟು ಸಲೀಸಾಗಿ ಉಳಿದೆರಡೂ ಜಾರುವುದಿಲ್ಲ, ಸದ್ದೂ ಇಲ್ಲ, ತುಕ್ಕೂ ಇಲ್ಲ. ಆದರೆ ಅದಕ್ಕೆ 80 ಡಿಗ್ರಿಯ ಆಚೆಗಿನ ಕಾವು ಆಗಿಬರುವುದಿಲ್ಲ, ನನ್ನ ಗಾಡಿಯಲ್ಲೋ ಸೈಲೆನ್ಸರ್ ಪೈಪು ಅದರ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ನಾಲ್ಕೇ ತಿಂಗಳಲ್ಲಿ ನಡುವೆ ಜೋತು ಬಿದ್ದು ನೆಲಕ್ಕೆ ಇನ್ನಷ್ಟು ಹತ್ತಿರವಾಯಿತು. ಈಗ ಅದು ಕಣದಲ್ಲಿ ಕಾಫಿ ಮೂಟೆ ಎಳೆಯುವುದಕ್ಕೆ ಬಳಕೆಯಾಗುತ್ತಿದೆ, ಆ ಕೆಲಸಕ್ಕೆ ಅದನ್ನು ಮೀರಿಸಿದ್ದಿಲ್ಲ.

ಕಬ್ಬಿಣದ ದೋಷಗಳನ್ನು ಮುಚ್ಚಿಡುವುದಿಲ್ಲ. ತುಕ್ಕು ಹಿಡಿಯುತ್ತದೆ, ಪ್ರತಿ ಮೇ ತಿಂಗಳಲ್ಲಿ ಉಜ್ಜಿ ರೆಡ್ ಆಕ್ಸೈಡ್ ಬಳಿಯುತ್ತೇನೆ, ಕೆಳಮುಖದ ಬಣ್ಣವನ್ನು ಕಲ್ಲುಗಳು ಜುಲೈಯೊಳಗೆ ಕಿತ್ತುಹಾಕುತ್ತವೆ. ಒಬ್ಬನೇ ಎತ್ತಿ ಕೂರಿಸುವುದು ಕಷ್ಟ, ಎದೆಯ ಮೇಲಿಟ್ಟುಕೊಂಡು ಮೊದಲ ಬೋಲ್ಟು ಹುಡುಕುವಾಗ ಆ ಹೆಚ್ಚಿನ ಏಳು ಕೆ.ಜಿ.ಯ ಅರಿವಾಗುತ್ತದೆ. ಗಾಡಿಗೆ ಮಾತ್ರ ಅರಿವಾದಂತೆ ಕಾಣಲಿಲ್ಲ. ಒಂದು ವೇಗದಲ್ಲಿ ಪ್ಲೇಟು ಗುಂಯ್‌ಗುಡುತ್ತಿತ್ತು, ಹಳೆಯ ಟ್ಯೂಬಿನ ಪಟ್ಟಿಗಳನ್ನು ನಡುವೆ ಇಟ್ಟ ಮೇಲೆ ನಿಂತಿತು.

ಯಾವ ವಸ್ತುವಿನಲ್ಲಿ ಮಾಡಿಸಿದರೂ ಮರೆಯಬಾರದ್ದು ಹಿಂಭಾಗದ ಕಿಂಡಿಗಳು. ಫೆಬ್ರವರಿಯಲ್ಲಿ ಸಿಲ್ವರ್ ಓಕ್ ಎಲೆ ಉದುರುವ ಹೊತ್ತಿಗೆ ಮುಚ್ಚಿದ ಪ್ಲೇಟು ತರಗೆಲೆಯ ಬುಟ್ಟಿಯಾಗುತ್ತದೆ, ಅದರ ಮೇಲೆಯೇ ಕಾದ ಸೈಲೆನ್ಸರು. ಅಲ್ಯೂಮಿನಿಯಂ ಪ್ಲೇಟಿದ್ದಾಗ ಒಮ್ಮೆ ಕಮಟು ವಾಸನೆ ಬಂದು ನಿಲ್ಲಿಸಿ ನೋಡಿದರೆ ಎಲೆಗಳ ಅಂಚು ಕೆಂಪಗೆ ಹೊಗೆಯಾಡುತ್ತಿತ್ತು. ಎರಡಿಂಚು ಅಗಲದ ಮೂರು ಉದ್ದ ಕಿಂಡಿಗಳಿದ್ದರೆ ಎಲೆಯೂ ಮಣ್ಣೂ ಓಡಾಟದಲ್ಲೇ ಉದುರಿಹೋಗುತ್ತವೆ.

ಖರ್ಚು: ಅಲ್ಯೂಮಿನಿಯಮ್ಮಿಗೆ ರಿಪೇರಿ ಬಿಟ್ಟು 7,800 ರೂಪಾಯಿ, ಪ್ಲಾಸ್ಟಿಕ್ಕಿಗೆ ಅದರ ಕಬ್ಬಿಣದ ಚೌಕಟ್ಟೂ ಸೇರಿ 6,400, ಕಬ್ಬಿಣಕ್ಕೆ ಬಳೆ, ಬೋಲ್ಟು, ಬಣ್ಣ ಎಲ್ಲ ಸೇರಿ 4,100. ಬೆಂಗಳೂರಿನಲ್ಲಿದ್ದು, ವರ್ಷಕ್ಕೆ ನಾಲ್ಕು ಸಲ ಘಟ್ಟ ಹತ್ತಿ, ಗ್ರೀಸ್ ಗನ್ ಮುಟ್ಟದೆ ಸರ್ವೀಸಿಗೆ ಬಿಡುವವರು 5052 ಅಲ್ಯೂಮಿನಿಯಂ ಹಾಕಿಸಿಕೊಳ್ಳಲಿ, ಅವರಿಗೆ ಅದೇ ಚೆಂದ. ನನ್ನ ಪ್ಲೇಟಿನ ಮುಂದಂಚು ಕಳೆದ ಜುಲೈಯಲ್ಲಿ ಒಂದು ಬಂಡೆಗೆ ಬಡಿದು ಅಂಗೈಯಷ್ಟು ಒಳಕ್ಕೆ ತಗ್ಗಿತು. ಬಿಚ್ಚಿ, ಅಂಗಳದ ಒರಳುಕಲ್ಲಿನ ಮೇಲೆ ಮಗುಚಿ ಹಾಕಿ, ಸುತ್ತಿಗೆಯಿಂದ ತಟ್ಟಿ ಸರಿಮಾಡಿ, ಮಧ್ಯಾಹ್ನದ ಊಟಕ್ಕೆ ಮುಂಚೆ ಮತ್ತೆ ಕಟ್ಟಿದೆ.