ಮಳೆ ಸದ್ದಿಗೆ ಬೆಚ್ಚುವ ಅಮ್ಮನಿಗೆ ಯಾವ ಥೆರಪಿ?

2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗಿನಿಂದ ಅಮ್ಮ ಟಾರ್ಚ್, ಚಪ್ಪಲಿ ತಲೆದೆಸೆಯಲ್ಲಿಟ್ಟೇ ಮಲಗುತ್ತಾರೆ, ಶೀಟಿನ ಮೇಲೆ ಮಳೆ ಬಿದ್ದರೆ ಎದ್ದು ಕೂರುತ್ತಾರೆ, ಯಾವ ಥೆರಪಿ ಕೊಡಿಸಲಿ ಅಂತ ಕೊಡಗಿನ ಮಕ್ಕಂದೂರು ಕಡೆಯವರೊಬ್ಬರು ಕೇಳಿದ್ದಾರೆ. ಇದು ಹಟವಲ್ಲ, ಅಪಾಯ ದಾಟಿದರೂ ಮೆದುಳಿನ ಅಲಾರಂ ಆರಿಲ್ಲ.

ಆಘಾತಕ್ಕೆಂದೇ ರೂಪಿಸಿದ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸುವ ಥೆರಪಿ), ಇಎಂಡಿಆರ್ (ಕಣ್ಣಿನ ಚಲನೆ ಬಳಸುವ ಥೆರಪಿ) ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಶಿಫಾರಸು ಮಾಡಿದೆ. ವ್ಯತ್ಯಾಸ ಇರುವುದು ದಾರಿಯಲ್ಲಿ. ಸಿಬಿಟಿಯಲ್ಲಿ ಮಾತು ಜಾಸ್ತಿ, ಮನೆಯಲ್ಲಿ ಮಾಡಬೇಕಾದ ಅಭ್ಯಾಸವೂ ಉಂಟು: ರೆಕಾರ್ಡ್ ಮಾಡಿದ ಮಳೆ ಸದ್ದನ್ನು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಕೇಳಿಸಿಕೊಳ್ಳುವಂಥದ್ದು. ಇಎಂಡಿಆರ್‌ನಲ್ಲಿ ನೆನಪನ್ನು ಮನಸ್ಸಲ್ಲಿ ಹಿಡಿದು ಥೆರಪಿಸ್ಟ್ ಬೆರಳನ್ನು ಕಣ್ಣಲ್ಲೇ ಹಿಂಬಾಲಿಸಬೇಕು. ವಿಚಿತ್ರ ಅನಿಸುತ್ತೆ, ನನಗೂ ಅನಿಸಿತ್ತು. ಆದರೆ ನಡೆದದ್ದನ್ನು ಬಿಡಿಸಿ ಹೇಳಲಾಗದವರಿಗೆ ಇದೇ ಹಗುರ.

ಖರ್ಚು, ಓಡಾಟ? ಇಎಂಡಿಆರ್ ತರಬೇತಿ ಪಡೆದವರನ್ನು ಹುಡುಕಿಕೊಂಡು ಮೈಸೂರಿಗೆ ಹೋಗಬೇಕಾದೀತು. ಮಡಿಕೇರಿಯಿಂದ ಸುಮಾರು 120 ಕಿ.ಮೀ. ವಾರವಾರ ಆಗದಿದ್ದರೆ ಹತ್ತಿರ ಸಿಗುವ ಸಿಬಿಟಿಯೇ ವಾಸಿ. ಮನೆಯಿಂದ ಹೊರಡಲೇ ಒಪ್ಪದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, 14416: ಉಚಿತ, ಹಗಲೂ ರಾತ್ರಿಯೂ, ಕನ್ನಡದಲ್ಲೇ. ಪೂರ್ತಿ ಥೆರಪಿ ಅಲ್ಲ, ಮೊದಲ ಮಾತಿಗೆ ಸಾಕು.

ಕಾಫಿ ಕೊಯ್ಲು ಮುಗಿಸಿ ಮಾರ್ಚ್‌ನಲ್ಲಿ ಶುರುಮಾಡಿದರೆ ಮಳೆಗೆ ಮೊದಲು ಎಂಟು-ಹತ್ತು ಭೇಟಿ ಆಗುತ್ತೆ.