ಹೈಡ್ರಾಲಿಕ್ ಕ್ಲಚ್‌ಗೆ ಸಿರಿಂಜ್ ಬ್ಲೀಡಿಂಗ್ ಕಿಟ್: ಕೊಳ್ಳಬಹುದೇ?

ಕ್ಲಚ್ ಆಯಿಲ್ ಬದಲಾಯಿಸಿದ ಮೇಲೆ ನ್ಯೂಟ್ರಲ್ ಸಿಗುತ್ತಿಲ್ಲ, ಲಿವರ್ ಪೂರ್ತಿ ಹಿಡಿದರೂ ಬೈಕ್ ಮುಂದಕ್ಕೆ ಎಳೆಯುತ್ತದೆ ಎಂದಾದರೆ ಗೇರ್‌ಬಾಕ್ಸ್ ಬಿಚ್ಚುವ ಮೊದಲು ಲಿವರನ್ನು ನಾಲ್ಕೈದು ಸಲ ಬೇಗಬೇಗ ಒತ್ತಿ ನೋಡಿ. ಆಗ ಗೇರ್ ಸಲೀಸಾಗಿ ಬಿದ್ದರೆ ಲೈನಿನಲ್ಲಿ ಗಾಳಿ ಉಳಿದಿರುವ ಸಾಧ್ಯತೆಯೇ ಹೆಚ್ಚು.

ಈ ಗಾಳಿಯನ್ನು ಹೊರಹಾಕಲು (ಇದೇ ಬ್ಲೀಡಿಂಗ್) 60 ಮಿಲಿ ಸಿರಿಂಜ್, ಪಾರದರ್ಶಕ ಪೈಪ್ ಇರುವ ಕಿಟ್ ನಿಜಕ್ಕೂ ಉಪಯುಕ್ತ. ಗಾಳಿ ಮೇಲಕ್ಕೇರುವುದರಿಂದ ಕೆಳಗೆ ಎಂಜಿನ್ ಬಳಿ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನಿಂದಲೇ ಆಯಿಲ್ ತಳ್ಳಬೇಕು. ಮೇಲಿನ ಡಬ್ಬಿಯ ಹಳೆಯ ಆಯಿಲನ್ನು ಮೊದಲು ಹೀರಿ ತೆಗೆಯಿರಿ, ಇಲ್ಲದಿದ್ದರೆ ಉಕ್ಕಿ ಟ್ಯಾಂಕಿನ ಬಣ್ಣ ಹಾಳಾಗಬಹುದು. ಸಿರಿಂಜಿಗೆ ಹೊಸ ಆಯಿಲ್ ತುಂಬಿ ಪೈಪಿನ ಗಾಳಿ ತೆಗೆದು, ಪೈಪನ್ನು ಸ್ಲೇವ್ ಸಿಲಿಂಡರಿನ ನಿಪ್ಪಲ್‌ಗೆ (ಗಾಳಿ ಬಿಡುವ ತಿರುಪು) ಸಿಕ್ಕಿಸಿ, ನಿಪ್ಪಲ್ ಅರ್ಧ ಸುತ್ತು ಸಡಿಲಿಸಿ, ನಿಧಾನವಾಗಿ ಒತ್ತಿ. ನಿಪ್ಪಲ್ ಬಿಗಿದ ಮೇಲಷ್ಟೇ ಸಿರಿಂಜ್ ಕಳಚಿ. ಲಿವರ್ ಬಳಿಯ ಮಾಸ್ಟರ್ ಸಿಲಿಂಡರಿಗೆ ಆಯಿಲ್ ಲೈನ್ ಜೋಡಿಸುವ ಬ್ಯಾಂಜೋ ಬೋಲ್ಟ್ ಹತ್ತಿರ ಗುಳ್ಳೆ ಸಿಕ್ಕಿಕೊಳ್ಳುವುದುಂಟು. ಹ್ಯಾಂಡಲ್ ತಿರುಗಿಸಿ ಆ ಜಾಗವನ್ನು ಎತ್ತರಕ್ಕೆ ತಂದು ಮೆಲ್ಲಗೆ ತಟ್ಟಿ.

ಕೊರತೆ: ಪೈಪ್ ನಿಪ್ಪಲ್‌ನಿಂದ ಜಾರುತ್ತದೆ, ಝಿಪ್ ಟೈ ಬೇಕೇ ಬೇಕು. ಡಾಟ್ 4 (ಬ್ರೇಕ್ ಆಯಿಲ್‌ನ ಒಂದು ದರ್ಜೆ) ಮತ್ತು ಮಿನರಲ್ ಆಯಿಲ್‌ಗೆ ಒಂದೇ ಸಿರಿಂಜ್ ಖಂಡಿತ ಬೇಡ. ಮಗೂರಾ ಕಂಪನಿಯ ಮಿನರಲ್ ಆಯಿಲ್ ಕ್ಲಚ್‌ಗೆ ಡಾಟ್ ಹಾಕಿದರೆ ಸೀಲ್ ಊದಿ ಕೆಡುತ್ತದೆ, ಡಬ್ಬಿಯ ಮುಚ್ಚಳ ಓದಿಯೇ ಸುರಿಯಿರಿ.

ಮೆಡಿಕಲ್ ಶಾಪಿನ 50 ಮಿಲಿ ಸಿರಿಂಜೂ ಒಂದೆರಡು ಸಲಕ್ಕೆ ಸಾಕು.